ಉಣ್ಣದೆ ಕುಳಿತ ತಾಯಿ

“ಗುರುಗಳೇ, ಹಿಂದಿನವರು ಎಲ್ಲವನ್ನೂ ಬರೆದು ಮುಗಿಸಿದ್ದಾರೆ. ಅವರನ್ನು ಓದಿದ ಮೇಲೆ ನಾನು ಬರೆದದ್ದೆಲ್ಲ ಅವರಿಂದಲೇ ಕದ್ದದ್ದು ಅನ್ನಿಸುತ್ತದೆ. ನನ್ನಂಥವನಿಗೆ ಇನ್ನೇನು ಉಳಿದಿದೆ?” ಎಂದು ಶಿಷ್ಯನೊಬ್ಬ ಕೇಳಿದ. ಅವನು ಒಂದು ಕಾದಂಬರಿಯನ್ನು ಅರ್ಧ ಬರೆದು ಕೈಬಿಟ್ಟಿದ್ದ. ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಕೆಲವರು ಕಾದಂಬರಿಕಾರರಿದ್ದರು. ವರ್ಷವೆಲ್ಲ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ಒಬ್ಬನ ಪುಸ್ತಕ ಹೊರಬಂದರೆ ಇನ್ನೊಬ್ಬನಿಗೆ ಹೊಟ್ಟೆಯುರಿ. ಆ ಸೀಮೆಯ ಹಳೆಯ ಮಹಾಕವಿಯೊಬ್ಬನ ಪುಣ್ಯತಿಥಿಯ ದಿನ ಮಾತ್ರ ಜಗಳ ಬದಿಗಿಟ್ಟು, ಎಲ್ಲರಿಗಿಂತ ಹಿರಿಯನ ಮನೆಯಲ್ಲಿ ಊಟಕ್ಕೆ ಸೇರುತ್ತಿದ್ದರು. ಕವಿ ತೀರಿಕೊಂಡು ಶತಮಾನಗಳಾಗಿದ್ದವು. ಆದರೂ ಪಂಕ್ತಿಯ ತುದಿಯಲ್ಲಿ ಅವನಿಗೊಂದು ಎಲೆ ಹಾಕಿ ಮೊದಲು ಅದಕ್ಕೆ ಬಡಿಸುವುದು ರೂಢಿ. ಆಮೇಲೆ ಒಬ್ಬೊಬ್ಬರೂ ತಾವು ಅವನಿಂದ ಪಡೆದದ್ದೇನೆಂದು ಹೇಳಬೇಕು. ಅದು ಮುಗಿಯುವವರೆಗೆ ಯಾರೂ ಅನ್ನ ಕಲಸುವಂತಿಲ್ಲ.

ಆ ವರ್ಷ ಪಂಕ್ತಿಗೆ ಒಬ್ಬ ಹೊಸಬ ಬಂದ. ಅವನ ಮೊದಲ ಕಾದಂಬರಿ ಅಚ್ಚಿಗೆ ಹೋಗುವುದರಲ್ಲಿತ್ತು. ಕರೆ ಬಂದದ್ದಕ್ಕೆ ಹಿಗ್ಗಬೇಕಾದವನು ಹೆದರಿಕೊಂಡೇ ಬಂದಿದ್ದ. ಅವನ ಕಾದಂಬರಿಯ ಬೇರು ಆ ಮಹಾಕವಿಯ ಕಾವ್ಯದ ಒಂದು ಸಾಲಿನಲ್ಲಿತ್ತು. ಕಾವ್ಯ ಒಬ್ಬ ಅರಸನ ಯುದ್ಧದ್ದು. ದಂಡು ಹೊಳೆ ದಾಟುವ ಮುನ್ನ ಕವಿ ಒಂದು ಮಾತು ಹೇಳುತ್ತಾನೆ. ಹೊಳೆದಂಡೆಯ ಹಳ್ಳಿಯಲ್ಲಿ ಒಬ್ಬ ತಾಯಿ, ದಂಡಿಗೆ ಸೇರಿದ ಮಗನಿಗೆ ಎಲೆ ಹಾಕಿ, ತಾನೂ ಉಣ್ಣದೆ ಬಾಗಿಲಲ್ಲಿ ಕುಳಿತಳು. ಅಷ್ಟೇ. ಮುಂದಿನ ಸಾಲಿನಲ್ಲಿ ಆನೆಗಳು ನೀರಿಗಿಳಿಯುತ್ತವೆ. ಕಾವ್ಯ ಮುಗಿದರೂ ಕವಿ ಮತ್ತೆ ಅವಳ ಸುದ್ದಿ ಎತ್ತುವುದಿಲ್ಲ. ಅವಳು ಹೊಸಬನ ನಿದ್ದೆ ಕೆಡಿಸಿದ್ದಳು. ಅವಳಿಗಾಗಿಯೇ ಅವನು ಇಡೀ ಕಾದಂಬರಿ ಬರೆದಿದ್ದ, ಯಾರಿಗೂ ಹೇಳಿರಲಿಲ್ಲ.

ಹೇಳದಿರಲು ಕಾರಣವಿತ್ತು. ಮನೆಯೊಡೆಯನಾದ ಹಿರಿಯ ಬಲು ಖಡಾಖಂಡಿತದ ಮನುಷ್ಯ. ಹಿಂದೊಮ್ಮೆ ತುಂಬಿದ ಸಭೆಯಲ್ಲಿ ಒಬ್ಬನ ಪುಸ್ತಕ ಬಿಚ್ಚಿ, ಯಾವುದನ್ನು ಎಲ್ಲಿಂದ ಎತ್ತಿದ್ದೆಂದು ಓದಿ ತೋರಿಸಿದ್ದ. ಆ ಬಡಪಾಯಿ ಮತ್ತೆ ಲೇಖನಿ ಹಿಡಿಯಲಿಲ್ಲ. ತನಗೂ ಅದೇ ಗತಿಯೆಂದು ಹೊಸಬ ಒಳಗೊಳಗೇ ನಡುಗುತ್ತಿದ್ದ.

ಬಡಿಸಿದ್ದಾಯಿತು. ಒಬ್ಬ ತಾನು ಕವಿಯಿಂದ ನುಡಿಯ ಗಾಂಭೀರ್ಯ ಕಲಿತೆನೆಂದ. ಒಬ್ಬಳು ಯುದ್ಧವರ್ಣನೆಯ ಬಿಗಿ ಕಲಿತೆನೆಂದಳು. ಎಲ್ಲವೂ ಸಭೆಗಳಲ್ಲಿ ಹೇಳಿ ಹೇಳಿ ಸವೆದ ಮಾತುಗಳು. ಹೊಸಬನೂ ಅಂಥದೇ ಒಂದನ್ನು ಉರುಹೊಡೆದುಕೊಂಡು ಬಂದಿದ್ದ. ಅದನ್ನು ತಡವರಿಸದೆ ಒಪ್ಪಿಸಿ, ಸದ್ಯ ಬದುಕಿದೆ ಎಂದುಕೊಂಡ.

“ಇನ್ನು ಊಟವಾಗಲಿ” ಎಂದ ಹಿರಿಯ. ಎಲ್ಲರ ಕೈ ಅನ್ನಕ್ಕೆ ಹೋಯಿತು. ಆಗ ಹೊಸಬನ ಬಾಯಿಂದ ಅರಿವಿಲ್ಲದೆ ಒಂದು ಮಾತು ಜಾರಿತು. “ಅವಳದಿನ್ನೂ ಊಟ ಆಗಿಲ್ಲವಲ್ಲ.”

ವರ್ಷಗಟ್ಟಲೆ ಅವಳ ಜೊತೆಯಲ್ಲೇ ಇದ್ದವನು. ಮನೆಯಲ್ಲಿ ಒಬ್ಬನೇ ಉಣ್ಣಲು ಕುಳಿತಾಗ ತನ್ನಷ್ಟಕ್ಕೆ ಆಡಿಕೊಳ್ಳುತ್ತಿದ್ದ ಮಾತು ಪಂಕ್ತಿಯಲ್ಲಿ ಹೊರಬಿದ್ದಿತ್ತು. ಬರೆಯುವವರು ಮಾತ್ರ ಮಾಡುವ ತಪ್ಪು ಅದು.

ಹಿರಿಯ ಕೈ ಹಿಂದೆಗೆದುಕೊಂಡ. “ಯಾರದಪ್ಪಾ?” ಎಂದು ಕೇಳಿದ.

ಇನ್ನು ಮುಚ್ಚಿಡುವಂತಿರಲಿಲ್ಲ. “ಹೊಳೆದಂಡೆಯ ಆ ತಾಯಿಯದು, ಮೇಷ್ಟ್ರೇ. ನನ್ನ ಕಾದಂಬರಿ ಪೂರ್ತಿ ಅವಳದೇ. ಅದು ಕವಿಯ ಸೊತ್ತು, ನನ್ನದಲ್ಲ. ನೀವು ಬೇಡವೆಂದರೆ ಅಚ್ಚಿಗೆ ಕೊಡುವುದಿಲ್ಲ” ಎಂದ.

ಹಿರಿಯನ ದನಿಯಲ್ಲಿ ಹಿಂದಿನ ಖಾರವಿರಲಿಲ್ಲ. “ನನ್ನ ಮೊದಲ ಪುಸ್ತಕದಲ್ಲಿ ಅವಳ ಮಗನನ್ನು ಮನೆಗೆ ಕರೆತಂದೆ ಕಣಪ್ಪ. ಹೆಸರು ಬದಲಿಸಿದೆ, ಊರು ಬದಲಿಸಿದೆ, ಯಾರಿಗೂ ಗೊತ್ತಾಗಲಿಲ್ಲ. ಮಗ ಬಂದರೂ ಅವಳು ಎಲೆಯ ಮುಂದೆ ಕೂರಲಿಲ್ಲ. ನಿನ್ನ ಪುಸ್ತಕದಲ್ಲಿ ಉಂಡಳೇನು?”

“ಇಲ್ಲ” ಎಂದ ಹೊಸಬ.

ಯುದ್ಧವರ್ಣನೆಯ ಮಾತಾಡಿದ್ದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ತನ್ನ ಪುಸ್ತಕದಲ್ಲಿ ಅವಳು ಆ ತಾಯಿಯನ್ನು, ಮಗನನ್ನು ಹುಡುಕಲೆಂದು, ದಂಡಿನ ಹಿಂದೆಯೇ ಕಳಿಸಿದ್ದಳಂತೆ. ಗಾಂಭೀರ್ಯದವನ ಪುಸ್ತಕದಲ್ಲಿ ಆಕೆ ಮಗನಿಗೆ ಹಾಕಿದ ಎಲೆಯಲ್ಲಿ ಶತ್ರುಪಾಳೆಯದ ಗಾಯಾಳುವಿಗೆ ಬಡಿಸಿದ್ದಳು. ಒಬ್ಬ ಮಾತ್ರ ತಾನು ಕಾವ್ಯವನ್ನು ಪೂರ್ತಿ ಓದಿಯೇ ಇಲ್ಲವೆಂದು ಒಪ್ಪಿಕೊಂಡ. ಉಳಿದವರ ಪುಸ್ತಕಗಳೆಲ್ಲ ಆ ಬಾಗಿಲಿಂದಲೇ ಹೊರಟಿದ್ದವು, ಒಂದು ಹೋದ ದಾರಿಯಲ್ಲಿ ಇನ್ನೊಂದು ಹೋಗಿರಲಿಲ್ಲ. ಅವಳು ಮಾತ್ರ ಯಾರ ಪುಸ್ತಕದಲ್ಲೂ ಉಂಡಿರಲಿಲ್ಲ.

ಹೊಸಬನ ಮೈ ಜುಮ್ಮೆಂದಿತು. ಎಂದೋ ತೀರಿಕೊಂಡವನ ಒಂದೇ ಒಂದು ಸಾಲು ಇಷ್ಟು ಜನರ ಬದುಕನ್ನು ನಡೆಸಿಕೊಂಡು ಬಂದಿತ್ತು. ಕವಿ ಅವಳನ್ನು ಮರೆತುಬಿಟ್ಟನೆಂದೇ ಅವನು ಇದುವರೆಗೆ ತಿಳಿದಿದ್ದ. ಬೇಕೆಂದೇ ಬಿಟ್ಟುಹೋಗಿದ್ದಾನೆಂದು ಈಗ ಹೊಳೆದು, ಪಂಕ್ತಿಯ ತುದಿಯಲ್ಲಿದ್ದ ಕವಿಯ ಎಲೆಯತ್ತ ಕಣ್ಣೆತ್ತಿ ನೋಡುವ ಧೈರ್ಯವಾಗದೆ ಕುಳಿತಲ್ಲೇ ಕೈಮುಗಿದ. ಹಿರಿಯ ಎದ್ದು ಹೋಗಿ, ಕವಿಯ ಎಲೆಯ ಪಕ್ಕದಲ್ಲಿ ಇನ್ನೊಂದು ಎಲೆ ಹಾಸಿ ಆ ತಾಯಿಗೆ ತಾನೇ ಬಡಿಸಿದ. ಸಾರು ಆರಿಹೋಯಿತು. ಯಾರೂ ಕೈ ಹಾಕಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು. “ಹಾಗಾದರೆ ನನಗೂ ಉಳಿದಿದೆ” ಎಂದ.

“ಉಳಿದಿದೆ” ಎಂದರು ಗುರುಗಳು. “ಆದರೆ ನಿನ್ನ ನಂತರ ಬರುವವರಿಗಾಗಿ ನೀನು ಯಾರನ್ನು ಉಣ್ಣಿಸದೆ ಬಿಟ್ಟುಹೋಗುತ್ತೀಯೆ?”