ವೀರಾಚಾರಿಯ ಹೆಚ್ಚೋ ಮಣೆ

ಹಳ್ಳ ದಾಟಿದರೆ ಸಿಗೋ ಊರಲ್ಲಿ ಸಾಕಮ್ಮ ಅನ್ನೋಳಿದ್ದಳು. ಗಂಡ ಒಳ್ಳೆ ಬಡಗಿ, ತೀರಿಕೊಂಡಿದ್ದ. ಅವನು ಬಿಟ್ಟು ಹೋದದ್ದು ಒಂದು ಉಳಿ, ಒಂದು ಗರಗಸ, ಒಂದು ಉಜ್ಜುಗೊರಡು, ಆಮೇಲೆ ಮಗ ವೀರಾಚಾರಿ. ಉಳಿ ಹರಿತವಾಗಿತ್ತು.

ಮಗನಿಗೆ ಇಪ್ಪತ್ತೆಂಟು ವರ್ಷ. ಕೈಕೆಲಸ ಥೇಟ್ ಅಪ್ಪನದೇ. ಆದರೆ ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಒಂದು ಕೂದಲೆಳೆ ಅತ್ತ ಇಲ್ಲ, ಇತ್ತ ಇಲ್ಲ. ಒಬ್ಬರು "ಬಾಗಿಲು ಗಾಳಿ ಬರೋ ಹಾಗಿರಲಿ" ಅಂದಿದ್ದಕ್ಕೆ ಮುಚ್ಚೋಕೇ ಆಗದ ಬಾಗಿಲು ಕೂರಿಸಿ ಬಂದಿದ್ದ. ಅಲ್ಲಿಗೆ ಯಾರೂ ಅವನನ್ನ ಕೆಲಸಕ್ಕೆ ಕರೆಯೋದು ಬಿಟ್ಟರು.

ಸಾಕಮ್ಮ ಯೋಚನೆ ಮಾಡಿದಳು. ಬಾಗಿಲು ಕಿಟಕಿ ಬೇಡ, ತರಕಾರಿ ಹೆಚ್ಚೋ ಮಣೆ ಮಾಡಲಿ. ಅದರಲ್ಲಿ ಕೆಡೋಕೆ ಏನಿದೆ? ಮರದ ತುಂಡು ಬಡಗಿ ರುದ್ರಾಚಾರ್ರ ಹತ್ತಿರ ಸಿಗುತ್ತೆ.

"ವೀರಾ, ರುದ್ರಾಚಾರ್ರ ಕೆಲಸದ ಕೊಟ್ಟಿಗೆಗೆ ಹೋಗು. ಹೊಸದು ಕೇಳಬೇಡ. ಅವರು ಮಾಡಿ ಉಳಿದಿದ್ದನ್ನ ತಗೊಂಡು ಬಾ."

"ಆಗಲಿ ಅವ್ವ."

ಮಧ್ಯಾಹ್ನಕ್ಕೆ ಬಂದ. ಕೈಯಲ್ಲಿ ಬಾಳೆಎಲೆ ಪೊಟ್ಟಣ, ಒಳಗೆ ಅರ್ಧ ಉಪ್ಪಿಟ್ಟು.

"ಬೆಳಗ್ಗೆ ಇದನ್ನೇ ಮಾಡಿದ್ರಂತೆ. ಇಷ್ಟೇ ಉಳಿದಿದ್ದು."

"ಅಯ್ಯೋ ನನ್ನ ಕರ್ಮವೇ. ಬಾಯಿಗೆ ಹಾಕೋದಲ್ಲ ಕಣೋ, ಮರ. ಯಾರೂ ಬಳಸದೆ ಖಾಲಿ ಬಿದ್ದಿರೋ ಮರ ತರಬೇಕು."

"ಹಂಗೆ ಹೇಳಬೇಕಿತ್ತಲ್ಲವ್ವ. ಹಂಗೇ ಮಾಡ್ತೀನಿ."

ಉಪ್ಪಿಟ್ಟು ಚೆನ್ನಾಗಿತ್ತು, ಇಬ್ಬರೂ ತಿಂದರು.

ಮಾರನೇ ದಿನ ಕೊಟ್ಟಿಗೆ ತನಕ ಹೋಗೋ ಪ್ರಮೇಯವೇ ಬರಲಿಲ್ಲ. ಎದುರುಮನೆ ಪುಟ್ಟತಾಯಿ ಮಗೂನ ಎತ್ತಿಕೊಂಡು ಹಾಲು ಕುಡಿಸ್ತಾ ಕೂತಿದ್ದಳು. ಇವನು ತೊಟ್ಟಿಲು ಬಿಚ್ಚಿ ತಲೆ ಮೇಲೆ ಹೊತ್ತುಕೊಂಡು ಬಂದ. ಹಿಂದೆ ಪುಟ್ಟತಾಯಿ, ಅವಳ ಹಿಂದೆ ಅವಳ ಅತ್ತೆ, ಅತ್ತೆ ಕೈಯಲ್ಲಿ ಪೊರಕೆ.

"ಖಾಲಿ ಇತ್ತವ್ವ," ಅಂದ ವೀರಾಚಾರಿ. "ನಾನೇ ಬಗ್ಗಿ ನೋಡಿದೆ."

ಸಾಕಮ್ಮ ತೊಟ್ಟಿಲು ವಾಪಸು ಕಟ್ಟಿಸಿ, ಅತ್ತೆ ಬೈದಷ್ಟನ್ನೂ ಬೈಸಿಕೊಂಡು ಬಂದಳು. "ಯಾವುದೇ ಆಗಲಿ, ಮೊದಲು ಯಜಮಾನರನ್ನ ಕೇಳಬೇಕು ಕಣೋ. ಅವರು ಹೂಂ ಅನ್ನೋ ತನಕ ಏನನ್ನೂ ಮುಟ್ಟಬೇಡ."

"ಮುಟ್ಟಲ್ಲವ್ವ."

ಮೂರನೇ ದಿನ ರುದ್ರಾಚಾರ್ರ ಕೊಟ್ಟಿಗೆಗೆ ಹೋದ. ಅಲ್ಲಿ ಯಾರೂ ಇರಲಿಲ್ಲ. ಅಂಟಿನ ಗಡಿಗೆ ಒಲೆ ಮೇಲೆ ಉಕ್ತಾ ಇತ್ತು. ಇಳಿಸೋಣ ಅಂತ ಕೈ ಚಾಚಿದ, ಅವ್ವನ ಮಾತು ನೆನಪಾಯಿತು. ಯಜಮಾನರು ಸ್ನಾನಕ್ಕೆ ಹೋಗಿದ್ದರು. ಬಚ್ಚಲ ಬಾಗಿಲಲ್ಲಿ ಕೈ ಕಟ್ಟಿಕೊಂಡು ನಿಂತ. ಅವರು ಬೆನ್ನು ಉಜ್ಜಿಕೊಂಡು, ಮೈ ಒರೆಸಿಕೊಂಡು, ವಿಭೂತಿ ಇಟ್ಟುಕೊಂಡು ಈಚೆ ಬಂದರು.

"ಆಚಾರ್ರೇ, ಗಡಿಗೆ ಇಳಿಸಲಾ?"

ಇಳಿಸೋಕೆ ಗಡಿಗೇಲಿ ಏನೂ ಉಳಿದಿರಲಿಲ್ಲ. ವಾಸನೆ ಮಾತ್ರ ಊರಾಚೆ ತನಕ ಹೋಗಿತ್ತು.

ರುದ್ರಾಚಾರ್ರು ಒಳ್ಳೆಯವರು, ಇವನಪ್ಪನ ಜೊತೆ ಕೆಲಸ ಮಾಡಿದೋರು. ಹಲಸಿನದು, ಹೊನ್ನೆದು, ತೇಗದ್ದು, ಒಂದು ಮೂಟೆ ತುಂಡುಗಳನ್ನ ಕೊಟ್ಟು ತಾವೇ ಜೊತೆಗೆ ಬಂದರು. "ಸಾಕಮ್ಮ, ಈ ತುಂಡೆಲ್ಲ ಒಲೆಗೆ ಬೇಕು ಅಂತ ಹೋಟ್ಲಿನವನು ಕೇಳ್ತಿದ್ದಾನೆ. ಗುರುವಾರದ ಸಂತೇಲಿ ನಿನ್ನ ಮಗ ಒಂದು ಮಣೆ ಮಾರಿ ತೋರಿಸಲಿ, ವರ್ಷವಿಡೀ ನಿಮಗೇ ಕೊಡ್ತೀನಿ. ಇಲ್ಲದಿದ್ರೆ ಅವನಿಗೆ."

ಅವರು ಹೋದ ಮೇಲೆ ಸಾಕಮ್ಮ ಹಣೆ ಹಿಡಿದುಕೊಂಡು ಕೂತಳು. "ಒಲೆ ಬಿಟ್ಟು ಬಚ್ಚಲಿಗೆ ಯಾಕೋ ಹೋದೆ? ಒಂದು ಕೆಲಸದ ಮೇಲಿದ್ದಾಗ ಅದರ ಮುಂದೆನೇ ಕೂರಬೇಕು. ಅದು ಆಗೋ ತನಕ ಕಣ್ಣು ಕೀಳಬಾರದು."

"ಕೀಳಲ್ಲವ್ವ."

ಮಣೆ ಮಾತ್ರ ಅವನು ಮಾಡಿದ ಹಾಗೆ ಇನ್ನೊಬ್ಬರು ಮಾಡಲಾರರು. ತುಂಡು ತುಂಡು ಜೋಡಿಸಿ ಅಂಟು ಹಾಕಿ ಬಿಗಿದ, ಉಜ್ಜುಗೊರಡು ಹಿಡಿದ, ಉಪ್ಪುಕಾಗದ ಹಿಡಿದ, ಕೊಬ್ಬರಿ ಎಣ್ಣೆ ತಿಕ್ಕಿದ. ಹಳದಿ, ಕೆಂಪು, ಕಂದು ಪಟ್ಟೆಯ ಆರು ಮಣೆ ಆದವು. ಸಾಕಮ್ಮ ಒಂದರ ಮೇಲೆ ಅಂಗೈ ಆಡಿಸಿದಳು. ಸಂದು ಎಲ್ಲಿದೆ ಅಂತ ಕೈಗೆ ಗೊತ್ತಾಗಲಿಲ್ಲ. ಗಂಡನ ನೆನಪಾಗಿ ಇನ್ನೊಂದು ಸಲ ಆಡಿಸಿದಳು.

ಗುರುವಾರ ಚೀಲದಲ್ಲಿ ಚಾಕು ಇಟ್ಟಳು, ನಾಲ್ಕು ಬದನೆಕಾಯಿ ಇಟ್ಟಳು. "ಕೇಳಿದೋರಿಗೆ ಹೆಚ್ಚೋ ಮಣೆ ಅಂತ ಹೇಳು. ಬರೀ ಬಾಯಲ್ಲಿ ಹೇಳಿದ್ರೆ ಯಾರೂ ನಂಬಲ್ಲ. ಬದನೆಕಾಯಿ ಮೇಲಿಟ್ಟು ತೋರಿಸು."

ಚಾಕು ಈಚೆ ತೆಗಿ ಅಂತ ಹೇಳಲಿಲ್ಲ.

ವೀರಾಚಾರಿ ಸಂತೇಲಿ ಮಣೆ ಹರಡಿದ. ಒಂದರ ಮೇಲೆ ನಾಲ್ಕು ಬದನೆಕಾಯಿ ಇಟ್ಟ. ಅದರ ಮುಂದೆನೇ ಕೂತ. ಕಣ್ಣು ಕೀಳಲಿಲ್ಲ.

ಒಬ್ಬಾಕೆ ಬಂದು ಕೇಳಿದಳು, "ಏನಪ್ಪ ಇದು?"

"ಹೆಚ್ಚೋ ಮಣೆ ಅಕ್ಕ."

"ಎಲ್ಲಿ, ಹೆಚ್ಚು ನೋಡೋಣ."

"ನಾನಲ್ಲ ಹೆಚ್ಚೋದು, ಅದು. ಈಗ ನಾಲ್ಕಿದೆ. ನಾನೂ ಕಾಯ್ತಿದೀನಿ."

ಆಕೆ ಅವನ ಮುಖ ನೋಡಿದಳು. ನಗು ತಡಕೊಂಡು ತನ್ನ ಬುಟ್ಟಿಯಿಂದ ಒಂದು ಸೌತೆಕಾಯಿ ತೆಗೆದು ಮೆಲ್ಲಗೆ ಮಣೆ ಮೇಲಿಟ್ಟಳು.

"ಹೆಚ್ತು," ಅಂದ ವೀರಾಚಾರಿ.

ಸುದ್ದಿ ಹಬ್ಬಿತು. ಒಬ್ಬರು ಎರಡು ಟೊಮೆಟೊ ಇಟ್ಟು ಹೋದರು. ಇನ್ನೊಬ್ಬರು ಹಾಗಲಕಾಯಿ. ಸಂತೆ ಮುಗಿಯೋ ಹೊತ್ತಿಗೆ ಸೊಪ್ಪಿನವಳು ಮಿಕ್ಕ ಕಂತೆಗಳನ್ನೆಲ್ಲ ಪೇರಿಸಿ ಹೋದಳು. "ಮಣೆ ಎಷ್ಟಪ್ಪ?" ಅಂತ ನಾಲ್ಕು ಜನ ಕೇಳಿದರು. ಇವನು ತಲೆ ಅಲ್ಲಾಡಿಸಿದ.

ಸಂಜೆ ಒಂದು ಮೂಟೆ ತರಕಾರಿ, ಆರಕ್ಕೆ ಆರು ಮಣೆ ಹೊತ್ತುಕೊಂಡು ಮನೆಗೆ ಬಂದ.

"ಒಂದೂ ಮಾರಲಿಲ್ವೇನೋ?"

"ಇಂಥಾ ಮಣೆ ಯಾರಾದ್ರೂ ಮಾರ್ತಾರೇನವ್ವ?"

ನಡೆದದ್ದನ್ನೆಲ್ಲ ಕೇಳಿದ ಸಾಕಮ್ಮನಿಗೆ ಬೈಯೋಕೂ ತ್ರಾಣ ಉಳಿಯಲಿಲ್ಲ. ಬೆಳಗಾದರೆ ತುಂಡೆಲ್ಲ ಹೋಟ್ಲಿನವನ ಒಲೆಗೆ. "ನಿನಗೆ ಬುದ್ಧಿ ಕಮ್ಮಿ ಕಣೋ ವೀರಾ," ಅಂದಳು ಮೆಲ್ಲಗೆ. "ಕೈ ಕೊಟ್ರೆ ಸಾಲದು. ನಾಳೆಯಿಂದಾದ್ರೂ ಆ ಮಣೆಗೆ ಸ್ವಲ್ಪ ತಲೆ ಕೊಡು."

"ಕೊಡ್ತೀನವ್ವ."

ಬೆಳಗ್ಗೆ ರುದ್ರಾಚಾರ್ರು ವಿಚಾರಿಸೋಕೆ ಬಂದರು. ಪಡಸಾಲೇಲಿ ವೀರಾಚಾರಿ ನೆಲಕ್ಕೆ ಮೈ ಚಾಚಿ, ಎಡಗೆನ್ನೆ ಮಣೆಗೆ ಒತ್ತಿಕೊಂಡು ಮಲಗಿದ್ದ. ಕಣ್ಣು ತೆರೆದೇ ಇತ್ತು.

"ಏನು ಸಾಕಮ್ಮ ಇದು?"

"ಬುದ್ಧಿ ಹೆಚ್ಚಲಿ ಅಂತ ತಲೆ ಕೊಟ್ಟಿದ್ದಾನೆ," ಅಂದಳು. ಸುಳ್ಳು ಹೇಳೋಕೆ ಅವಳಿಗೆ ಏನೂ ತೋಚಲಿಲ್ಲ.

ರುದ್ರಾಚಾರ್ರು ಕುಕ್ಕರಗಾಲಲ್ಲಿ ಕೂತು ಅವನ ಕಿವಿ ಪಕ್ಕ ಮಣೆ ಸವರಿದರು. ಇನ್ನೊಂದು ಮಣೆ ಎತ್ತಿ ಸಂದು ನೋಡಿದರು, ಮಂಡಿಗೆ ಕೊಟ್ಟು ಬಗ್ಗಿಸಿ ನೋಡಿದರು. ಅದು ಜಪ್ಪಯ್ಯ ಅನ್ನಲಿಲ್ಲ.

"ಮಾರೋದು ನನಗಿರಲಿ," ಅಂದರು. "ಇವನು ಮಾಡ್ತಿರಲಿ. ತುಂಡು ನಾನೇ ಕಳಿಸ್ತೀನಿ. ಇವನಿಗೆ ಮಾತ್ರ ಏನೂ ಹೇಳಬೇಡ ತಾಯಿ."

ಸಾಕಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡಳು. ಅವರು ಹೋದ ಮೇಲೆ ಮಗನ ಪಕ್ಕ ಬಂದು ಕೂತಳು. "ಸಾಕು, ಏಳಪ್ಪ. ಮುದ್ದೆ ಆರಿ ಹೋಗುತ್ತೆ."

"ಹೆಚ್ಚಿದೆ ಅವ್ವ."

"ನಿನಗೆ ಹೆಂಗೆ ಗೊತ್ತಾಯ್ತೋ?"

"ಈ ಕಡೆ ತಲೆ ಭಾರ ಆಗಿದೆ. ಆ ಕಡೆ ಇನ್ನೂ ಹಗುರ," ಅಂದವನು ನಿಧಾನಕ್ಕೆ ಹೊರಳಿ ಬಲಗೆನ್ನೆ ಮಣೆಗಿಟ್ಟ.