ಇನ್ನಾಸಪ್ಪ ಐದು ಜನಕ್ಕೆ ಪಾಲು ಹಾಕಿದ್ದು

ಬಹಳ ಹಿಂದೆ, ಎಷ್ಟು ಹಿಂದೆ ಅಂತ ಲೆಕ್ಕ ಹೇಳುವವರು ಯಾರೂ ಈಗ ಉಳಿದಿಲ್ಲ, ಬೊಮ್ಮನಗುಟ್ಟೆ ಅನ್ನುವ ಊರಿನಲ್ಲಿ ಇನ್ನಾಸಪ್ಪ ಅನ್ನುವವನೊಬ್ಬ ಇದ್ದ. ಊರಿನ ಕೆಳಗೆ ಚಿನ್ನದ ಗಣಿ, ಊರಿನ ಮೇಲೆ ಅದರ ಧೂಳು. ಗಂಡಸರೆಲ್ಲ ಕಬ್ಬಿಣದ ಕೇಜಿನಲ್ಲಿ ನಿಂತು ಭೂಮಿಯೊಳಕ್ಕೆ ಇಳಿಯುತ್ತಿದ್ದರು, ಪಾಳಿ ಮುಗಿದ ಮೇಲೆ ಹತ್ತಿ ಬರುತ್ತಿದ್ದರು. ಇನ್ನಾಸಪ್ಪನ ಕೆಲಸ ಗಣಿಬಾಯಿಯಲ್ಲಿ ನಿಂತು ಕೇಜು ಇಳಿಸಲು, ಏರಿಸಲು ಗಂಟೆ ಹೊಡೆಯುವುದು. ಇಪ್ಪತ್ತು ವರ್ಷದಲ್ಲಿ ಒಂದೇ ಒಂದು ಗಂಟೆ ತಪ್ಪಿ ಹೊಡೆಯಲಿಲ್ಲವಂತೆ. ಕೇಜಿನ ಹಗ್ಗ ನರಳುವ ಸದ್ದು ಕೇಳಿಯೇ ಒಳಗೆ ಎಷ್ಟು ಜನ ಇದ್ದಾರೆ ಅಂತ ಹೇಳುತ್ತಿದ್ದನಂತೆ. ನಂಬುವವರು ನಂಬಲಿ.

ಆ ಊರಲ್ಲಿ ದೊರೆಗಳದ್ದೊಂದು ಕ್ಲಬ್ಬಿತ್ತು. ಮರದ ಹಲಗೆಯ ನೆಲ, ಸೀಮೆಯಿಂದ ಬಂದ ಪಿಯಾನೋ. ಭಾನುವಾರ ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ದೊರೆಗಳೂ ದೊರೆಸಾನಿಗಳೂ ಅಲ್ಲಿ ಜೋಡಿಜೋಡಿಯಾಗಿ ಕುಣಿಯುತ್ತಿದ್ದರು. ಕುಣಿಯುವುದಕ್ಕೆ ಅವರಿಗೆ ಜಾಝ್ ಬೇಕು. ಕುಣಿಯುವವರು ಅವರು, ಊದುವವರು ನಮ್ಮವರು. ಹನ್ನೆರಡು ಜನರ ಬ್ಯಾಂಡು. ಬ್ಯಾಂಡಿಗೆ ಸೇರಿದವರು ಗಣಿಗೆ ಇಳಿಯಬೇಕಿರಲಿಲ್ಲ. ಬಡಗಿ ಶೆಡ್ಡಿನಲ್ಲೋ ಉಗ್ರಾಣದಲ್ಲೋ ಅವರಿಗೆ ಮೇಲೆಯೇ ಕೆಲಸ ಸಿಗುತ್ತಿತ್ತು. ಹಾಗಾಗಿ ಆ ಊರಿನ ಗಂಡಸರು ದೇವರಿಗೆ ಹರಕೆ ಹೊತ್ತಾದರೂ ಒಂದು ವಾದ್ಯ ಕಲಿಯುತ್ತಿದ್ದರು ಅಂತಾರೆ.

ಇನ್ನಾಸಪ್ಪ ಬ್ಯಾಂಡಿನಲ್ಲಿ ಡ್ರಮ್ಮು ಬಾರಿಸುತ್ತಿದ್ದ. ಜೊತೆಗೆ ಇನ್ನೊಂದು ಕೆಲಸ ಮಾಡುತ್ತಿದ್ದ. ಹಡಗಿನಲ್ಲಿ ಬಂದ ಸ್ವರದ ಪುಸ್ತಕ ನೋಡಿಕೊಂಡು ಒಬ್ಬೊಬ್ಬರು ನುಡಿಸಬೇಕಾದ ಪಾಲನ್ನು ಬೇರೆ ಬೇರೆ ಹಾಳೆಗೆ ನಕಲು ಮಾಡಿಕೊಡುತ್ತಿದ್ದ. ಅಕ್ಷರ ದುಂಡಗಿತ್ತು, ಅಷ್ಟೇ ಕಾರಣ. ಬರೆದದ್ದನ್ನು ಬರೆಯುವುದು ಅವನಿಗೆ ಬರುತ್ತಿತ್ತು. ತಾನಾಗಿ ಪಾಲು ಹಾಕುವುದು, ಅಂದರೆ ಒಂದು ಹಾಡನ್ನು ಇಷ್ಟು ಜನಕ್ಕೆ ಹೀಗೆ ಹಂಚಬೇಕು ಅಂತ ಯೋಚಿಸಿ ಹೊಂದಿಸುವುದು, ಅವನಿಗೂ ಗೊತ್ತಿರಲಿಲ್ಲ, ಆ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಒಂದು ವರ್ಷ ಜ್ವರ ಬಂತು. ಎಂಥ ಜ್ವರ ಅಂದರೆ ಬೆಳಿಗ್ಗೆ ಮೈ ಕಾದರೆ ಮೂರನೇ ದಿನಕ್ಕೆ ಹೆಣದ ಪೆಟ್ಟಿಗೆ ಅಂತಾರೆ. ಬ್ಯಾಂಡಿನ ನಾಲ್ವರು ಹೋದರು. ಮೂವರು ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟರು. ಉಳಿದದ್ದು ಐದು ಜನ. ಟ್ರಂಪೆಟ್ ಊದುವ ಎಬಿನೇಸರ, ಕ್ಲಾರಿನೆಟ್ಟಿನ ಖಲಂದರ್ ಸಾಬ್, ಪಿಯಾನೋಗೆ ಊರಿನ ಶಾಲೆಯ ಡಲ್ಸಿ ಟೀಚರ್, ಡ್ರಮ್ಮಿಗೆ ಇನ್ನಾಸಪ್ಪ, ಟ್ರೊಂಬೋನಿಗೆ ಚೌರಪ್ಪ. ಟ್ರೊಂಬೋನ್ ಅಂದರೆ ಉದ್ದನೆಯ ಹಿತ್ತಾಳೆ ಕೊಳವೆ, ಊದುತ್ತಾ ಮುಂದಕ್ಕೆ ತಳ್ಳಬೇಕು, ಹಿಂದಕ್ಕೆ ಎಳೆಯಬೇಕು. ಅದಕ್ಕೆ ಎದೆ ತುಂಬ ಉಸಿರು ಬೇಕು. ಚೌರಪ್ಪನಿಗೆ ಅದೇ ಇರಲಿಲ್ಲ. ಬ್ಯಾಂಡಿಗೆ ಬರುವ ಮೊದಲು ಹತ್ತು ವರ್ಷ ಗಣಿಯೊಳಗೆ ಕಲ್ಲು ಕೊರೆದವನು. ಎದೆಯೊಳಗೆ ಕಲ್ಲುಪುಡಿ ಕೂತಿತ್ತು. ಇನ್ನಾಸಪ್ಪನ ತಂಗಿ ಜ್ಞಾನಮ್ಮನನ್ನು ಮದುವೆಯಾಗಿದ್ದ.

ಅದೇ ಸಮಯಕ್ಕೆ ಗಣಿಗೆ ಹೊಸ ದೊರೆ ಬಂದ. ಐದು ಜನರ ಬ್ಯಾಂಡು ಯಾವ ಬ್ಯಾಂಡು, ಕ್ಲಬ್ಬಿಗೆ ಗ್ರಾಮಾಫೋನ್ ತರಿಸೋಣ, ಇವರಲ್ಲಿ ಗಂಡಸರನ್ನೆಲ್ಲ ಕೆಳಗಿನ ಕೆಲಸಕ್ಕೆ ಹಾಕಿ ಅಂದನಂತೆ. ಗುಮಾಸ್ತ ಕೈಕೈ ಹಿಸುಕಿಕೊಂಡು, ಇವರು ಹಳಬರು, ಒಂದು ಸಲ ಕೇಳಿ ನೋಡಿ ದೊರೆ ಅಂದನಂತೆ. ಸರಿ, ಮುಂದಿನ ಭಾನುವಾರ ಕೇಳುತ್ತೇನೆ ಅಂದ ದೊರೆ.

ಇನ್ನಾಸಪ್ಪ ಆ ವಾರವೆಲ್ಲ ಕೂತು ಬರೆದ. ಹನ್ನೆರಡು ಜನರ ಪಾಲನ್ನು ಐದು ಜನಕ್ಕೆ ಹೇಗೆ ಹಂಚುವುದು? ಅವನಿಗೆ ತೋಚಿದ್ದು ಒಂದೇ ದಾರಿ. ಯಾವ ಸ್ವರವನ್ನೂ ಬಿಡಬಾರದು, ಸತ್ತವರ ಪಾಲನ್ನೂ ಇದ್ದವರ ತಲೆಗೆ ಕಟ್ಟಬೇಕು. ಹಾಗೇ ಕಟ್ಟಿದ. ಡಲ್ಸಿ ಟೀಚರ್ ತಮ್ಮ ಹಾಳೆ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು.

"ಇನ್ನಾಸಪ್ಪ, ನನಗಿರೋದು ಹತ್ತು ಬೆರಳು. ನೀವು ಹದಿನಾಲ್ಕು ಬರೆದಿದ್ದೀರಿ."

ಭಾನುವಾರ ಐದು ಜನವೂ ಬೆವರು ಸುರಿಸಿ ನುಡಿಸಿದರು. ಸಂತೆಯಲ್ಲಿ ತಗಡಿನ ಅಂಗಡಿ ಬಿದ್ದ ಹಾಗೆ ಕೇಳಿಸಿತಂತೆ. ಕುಣಿಯುವವರು ನಡುವೆಯೇ ನಿಂತರು. ಚೌರಪ್ಪ ಕೆಮ್ಮಿ ಕೆಮ್ಮಿ ಗೋಡೆಗೆ ಒರಗಿದ. ಹೊಸ ದೊರೆ ಏನೂ ಬಯ್ಯಲಿಲ್ಲ, ನಕ್ಕ. ಮಾರನೇ ದಿನ ಗುಮಾಸ್ತ ಗಣಿಗೆ ಇಳಿಯಬೇಕಾದವರ ಪಟ್ಟಿ ತಂದು ತೋರಿಸಿದ. ಕ್ರಿಸ್ಮಸ್ಸಿನ ಕುಣಿತಕ್ಕೆ ಇನ್ನೊಮ್ಮೆ ಕೇಳುತ್ತಾರಂತೆ, ಆಗಲೂ ಹೀಗೇ ಆದರೆ ಹೊಸ ವರ್ಷದ ಮೊದಲನೇ ಪಾಳಿಗೆ ಗಂಡಸರೆಲ್ಲರೂ ಕೆಳಗೆ. ಪಟ್ಟಿಯಲ್ಲಿ ಮೊದಲನೇ ಹೆಸರೇ ಚೌರಪ್ಪನದು.

ಆ ದಿನ ಮಧ್ಯಾಹ್ನ ಜ್ಞಾನಮ್ಮ ಅಣ್ಣನ ಮನೆಗೆ ಬಂದಳು. ಅಳಲಿಲ್ಲ, ಕೂರಲೂ ಇಲ್ಲ.

"ಅಣ್ಣಾ, ಈ ಸಲ ಕೆಳಗಿಳಿದರೆ ಅವರು ಮೇಲೆ ಬರೋದಿಲ್ಲ. ನಿಂಗೂ ಗೊತ್ತು."

"ಗೊತ್ತು."

"ಹಂಗಾದ್ರೆ ಅದೇನು ಕಲೀಬೇಕೋ ಕಲಿ."

ಅಷ್ಟು ಹೇಳಿ ಹೋದಳಂತೆ. ಕ್ರಿಸ್ಮಸ್ಸಿಗೆ ಮೂರು ತಿಂಗಳಿತ್ತು.

ಇನ್ನಾಸಪ್ಪ ಹೇಗೆ ಕಲಿತ ಅನ್ನುವುದನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಕನಸಿನಲ್ಲಿ ದೇವದೂತ ಬಂದು ಹೇಳಿಕೊಟ್ಟ ಅನ್ನುವವರೂ ಇದ್ದಾರೆ. ಆದರೆ ಹಳಬರು ಹೇಳುವುದು ಬೇರೆ. ದಿನಾ ಪಾಳಿ ಮುಗಿದ ಮೇಲೆ ಅವನು ಚರ್ಚಿಗೆ ಹೋಗಿ ಹಾರ್ಮೋನಿಯಂ ಮುಂದೆ ಕೂರುತ್ತಿದ್ದನಂತೆ. ಚರ್ಚಿನ ಹಾಡುಗಳಲ್ಲಿ ನಾಲ್ಕು ನಾಲ್ಕು ಸ್ವರ ಒಟ್ಟಿಗೆ ನುಡಿದು ಒಂದೊಂದು ಕಟ್ಟು. ಅವನು ಒಂದು ಕಟ್ಟು ಹಿಡಿದು ಅದರಿಂದ ಒಂದು ಸ್ವರ ತೆಗೆದು ನೋಡುತ್ತಿದ್ದ. ಇದು ಹೋದರೆ ಹಾಡು ಸಾಯುತ್ತದೋ ಬದುಕುತ್ತದೋ? ಇನ್ನೊಂದು ತೆಗೆದು ನೋಡುತ್ತಿದ್ದ. ಹೀಗೆ ವಾರಗಟ್ಟಲೆ ಬರೀ ತೆಗೆಯುವುದೇ ಕೆಲಸ. ಪಾದ್ರಿಗಳು ಇವನಿಗೆ ತಲೆ ಕೆಟ್ಟಿದೆ ಅಂದುಕೊಂಡರಂತೆ.

ತೆಗೆದು ತೆಗೆದು ಕೊನೆಗೆ ಅವನಿಗೆ ತಿಳಿಯಿತು. ನಾಲ್ಕರಲ್ಲಿ ಎರಡಿದ್ದರೆ ಸಾಕು. ಇದು ಸುಖವೋ ದುಃಖವೋ ಅಂತ ಹೇಳುವ ಸ್ವರ ಒಂದು, ಇಲ್ಲಿಂದ ಮುಂದೆ ಎಲ್ಲಿಗೆ ಅಂತ ಹೇಳುವ ಸ್ವರ ಒಂದು. ಮಿಕ್ಕಿದ್ದನ್ನು ಕೇಳುವವರ ಕಿವಿ ತಾನೇ ತುಂಬಿಕೊಳ್ಳುತ್ತದೆ. ಅವತ್ತು ಅವನು ಚರ್ಚಿನಿಂದ ಮನೆವರೆಗೆ ಒಬ್ಬನೇ ನಗುತ್ತಾ ಬಂದನಂತೆ.

ಆದರೂ ಕೆಲಸ ಆಗಲಿಲ್ಲ. ಎರಡೆರಡು ಸ್ವರ ಹಂಚಿ ಬರೆದು ತಂದ, ನುಡಿಸಿದರು, ಸಪ್ಪಗಿತ್ತು. ಗದ್ದಲ ಹೋಗಿತ್ತು, ಜೀವವೂ ಹೋಗಿತ್ತು. ಖಲಂದರ್ ಸಾಬ್ ಕ್ಲಾರಿನೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು, "ಇನ್ನಾಸಣ್ಣ, ತಪ್ಪು ತಿಳ್ಕೋಬೇಡಿ. ಈ ಹಾಳೆ ಯಾರಿಗೆ ಬರ್ದಿದ್ದೀರೋ, ಆ ಮನುಷ್ಯ ನಾನಲ್ಲ" ಅಂದರು.

ಇನ್ನಾಸಪ್ಪ ಮೂರು ದಿನ ಏನೂ ಬರೆಯಲಿಲ್ಲ. ನಾಲ್ಕನೇ ದಿನ ಹಾಳೆ ಇಲ್ಲದೆ ಖಲಂದರ್ ಸಾಬರ ಮನೆಗೆ ಹೋಗಿ ಸುಮ್ಮನೆ ಕೂತ. ಸಾಬರು ಮೊದಲು ಮದುವೆ ಮೆರವಣಿಗೆಗಳಲ್ಲಿ ಊದುತ್ತಿದ್ದವರು. ಯಾವ ಸ್ವರವನ್ನೂ ನೆಟ್ಟಗೆ ಹಿಡಿಯಲು ಅವರಿಗೆ ಆಗುತ್ತಿರಲಿಲ್ಲ, ಸ್ವಲ್ಪ ಅಲುಗಿಸಲೇಬೇಕು. ಅದನ್ನು ಕೇಳಿಕೊಂಡ. ಎಬಿನೇಸರನ ಮನೆಗೆ ಹೋದ. ಅವನ ಮುಂದಿನ ಹಲ್ಲು ಅರ್ಧ ಮುರಿದಿತ್ತು, ತೀರಾ ಮೇಲಿನ ಸ್ವರ ಹಿಡಿಯುತ್ತಿರಲಿಲ್ಲ, ಆದರೆ ನಡುವಿನ ಸ್ವರಗಳು ಜೇನಿನ ಹಾಗೆ. ಡಲ್ಸಿ ಟೀಚರ ಕೈ ಚಿಕ್ಕದು, ಪಿಯಾನೋದ ಎಂಟು ಮನೆಯಗಲ ಬೆರಳು ಚಾಚಿದರೆ ನೋಯುತ್ತಿತ್ತು. ಕೊನೆಗೆ ತಂಗಿಯ ಮನೆಗೆ ಹೋಗಿ ಚೌರಪ್ಪನ ಪಕ್ಕ ಕೂತು, ಊದು ಅಂದ. ತಾನು ತೊಡೆಯ ಮೇಲೆ ಬೆರಳಿನಿಂದ ಎಣಿಸಿದ. ಮೂರು ಎಣಿಕೆಗೆ ಉಸಿರು ಮುಗಿಯುತ್ತಿತ್ತು. ಒಳ್ಳೆಯ ದಿನ ನಾಲ್ಕು.

ಚೌರಪ್ಪ ತಲೆ ತಗ್ಗಿಸಿದ. "ಭಾವ, ನನ್ನ ಬಿಟ್ಬಿಡಿ. ನಾಲ್ಕು ಜನಕ್ಕೆ ಬರೀರಿ. ನೀವಾದ್ರೂ ಉಳೀರಿ."

ಇನ್ನಾಸಪ್ಪ ಮತ್ತೆ ತೊಡೆಯ ಮೇಲೆ ಬೆರಳಿಟ್ಟ. "ಇನ್ನೊಂದು ಸಲ ಊದು" ಅಂದನಂತೆ.

ಆಮೇಲೆ ಬರೆದ. ಈ ಸಲ ವಾದ್ಯಕ್ಕೆ ಬರೆಯಲಿಲ್ಲ, ಮನುಷ್ಯರಿಗೆ ಬರೆದ ಅಂತಾರೆ. ಎಬಿನೇಸರನ ಮುರಿದ ಹಲ್ಲಿಗೆ ಒಪ್ಪುವಷ್ಟು ಎತ್ತರಕ್ಕೆ ಹಾಡನ್ನು ಇಳಿಸಿ ಕೊಟ್ಟ. ಖಲಂದರ್ ಸಾಬರಿಗೆ ಉದ್ದದ ಸ್ವರ ಕೊಟ್ಟು ಪಕ್ಕದಲ್ಲಿ ಖಾಲಿ ಜಾಗ ಬಿಟ್ಟ, ಇಲ್ಲಿ ಬೇಕಾದ ಹಾಗೆ ಅಲುಗಿಸಿಕೊಳ್ಳಿ ಅಂತ. ಟೀಚರಿಗೆ ಕೈಗೆ ಎಟುಕುವಷ್ಟು. ಚೌರಪ್ಪನಿಗೆ ಮೂರು ಎಣಿಕೆ ಊದು, ಐದು ಎಣಿಕೆ ಸುಮ್ಮನಿರು. ಆ ಐದು ಎಣಿಕೆಯಲ್ಲಿ ಇತರರು ಮಾತಾಡುತ್ತಾರೆ. ನುಡಿಸಿ ನೋಡಿದಾಗ ನಾಲ್ಕು ಗೋಡೆಯೊಳಗೆ ಐದು ಜನ ಹರಟೆ ಹೊಡೆದ ಹಾಗಿತ್ತಂತೆ, ಒಬ್ಬ ಹೇಳುತ್ತಾನೆ, ಇನ್ನೊಬ್ಬ ಹೂಂಗುಡುತ್ತಾನೆ. ಟೀಚರ್ ತಾವೇ ಇನ್ನೊಮ್ಮೆ ನುಡಿಸೋಣ ಅಂದರಂತೆ.

ಆದರೆ ಇನ್ನಾಸಪ್ಪನಿಗೆ ಸಮಾಧಾನ ಇರಲಿಲ್ಲ. ಮೂರು ಎಣಿಕೆಯ ಉಸಿರೂ ಅವತ್ತು ಕೈಕೊಟ್ಟರೆ? ಅವನು ಎಲ್ಲ ಹಾಳೆಗಳನ್ನೂ ಮತ್ತೆ ಕೂತು ಬರೆದ. ಪ್ರತಿಯೊಬ್ಬರ ಹಾಳೆಯಲ್ಲೂ ಅವರ ಪಾಲಿನ ಮೇಲೆ, ಇರುವೆ ಸಾಲಿನ ಹಾಗೆ ಸಣ್ಣ ಸಣ್ಣ ಗುರುತಿನಲ್ಲಿ, ಪಕ್ಕದವನ ಪಾಲನ್ನೂ ಬರೆದ. ಅವನು ನಿಂತರೆ ನೀನು ತಗೋ ಅಂತ. ಒಬ್ಬ ನಿಂತರೆ ಯಾರು ಎಲ್ಲಿ ಸರಿದುಕೊಳ್ಳಬೇಕು ಅಂತ ಐದು ಜನರದ್ದೂ ಲೆಕ್ಕ ಹಾಕಿದ. ಬೆರಳಿನ ಚರ್ಮ ಸುಲಿದಿತ್ತು ಅಂತಾರೆ.

ಕ್ರಿಸ್ಮಸ್ಸಿನ ಸಂಜೆ ಕ್ಲಬ್ಬು ತುಂಬಿತ್ತು. ಹೊಸ ದೊರೆ ಬ್ಯಾಂಡಿನ ಎದುರಿಗೇ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಮೊದಲನೇ ಹಾಡಿಗೆ ಎರಡು ಜೋಡಿ ಎದ್ದವು. ಎರಡನೆಯದಕ್ಕೆ ನೆಲವೇ ಕಾಣದಷ್ಟು ಜನ. ಮೂರನೆಯ ಹಾಡಿನ ನಡುವೆ ಚೌರಪ್ಪ ಕೊಳವೆ ಎತ್ತಿದ, ತುಟಿಗಿಟ್ಟ, ಸದ್ದು ಬರಲಿಲ್ಲ.

ಡ್ರಮ್ಮಿನ ಹಿಂದೆ ಕೂತಿದ್ದ ಇನ್ನಾಸಪ್ಪನಿಗೆ ಕಂಡದ್ದು ಭಾವಮೈದುನನ ಬೆನ್ನು ಮಾತ್ರ. ಆ ಬೆನ್ನು ಏಳುತ್ತಿತ್ತು, ಬೀಳುತ್ತಿತ್ತು. ಇನ್ನಾಸಪ್ಪ ತಾಳ ಬಿಡದೆ ಬಾರಿಸುತ್ತಲೇ ಇದ್ದ. ಅಷ್ಟರಲ್ಲಿ ಖಲಂದರ್ ಸಾಬರ ಕಣ್ಣು ಹಾಳೆಯ ಇರುವೆ ಸಾಲಿಗೆ ಹೋಯಿತು. ಅವರು ಕ್ಲಾರಿನೆಟ್ಟಿನ ತಳದ ದನಿ ಹಿಡಿದು ಚೌರಪ್ಪನ ಪಾಲನ್ನು ಎತ್ತಿಕೊಂಡರು. ಅವರು ಬಿಟ್ಟದ್ದನ್ನು ಎಬಿನೇಸರ ಎತ್ತಿಕೊಂಡ. ಅವನು ಬಿಟ್ಟದ್ದನ್ನು ಟೀಚರ ಬಲಗೈ ಎತ್ತಿಕೊಂಡಿತು. ಕುಣಿಯುವವರ ಒಂದು ಹೆಜ್ಜೆಯೂ ತಪ್ಪಲಿಲ್ಲ. ಚೌರಪ್ಪ ಕೊಳವೆಯನ್ನು ತುಟಿಯಿಂದ ಇಳಿಸಲಿಲ್ಲ. ತಳ್ಳಬೇಕಾದಲ್ಲಿ ತಳ್ಳಿದ, ಎಳೆಯಬೇಕಾದಲ್ಲಿ ಎಳೆದ, ಕಣ್ಣಿನಿಂದ ನೀರು ಮಾತ್ರ ಇಳಿಯುತ್ತಿತ್ತು. ಉಳಿದ ನಾಲ್ಕು ಹಾಡುಗಳೂ ಹಾಗೇ ಮುಗಿದವು.

ಕುಣಿತ ಮುಗಿದ ಮೇಲೆ ಹೊಸ ದೊರೆ ಎದ್ದು ಬಂದು ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದ. ಇದನ್ನು ಬರೆದವರು ಯಾರು ಅಂತ ಕೇಳಿದ. ಇನ್ನಾಸಪ್ಪ ಮುಂದೆ ಬಂದ. ದೊರೆ ಅವನನ್ನು ನೋಡಿದ, ಚೌರಪ್ಪನನ್ನು ನೋಡಿದ, ಟ್ರೊಂಬೋನನ್ನು ಇಷ್ಟು ಮೆತ್ತಗೆ ಊದುವವನನ್ನು ನಾನು ಎಲ್ಲೂ ಕಂಡಿಲ್ಲ ಅಂದ, ಟೋಪಿ ಹಾಕಿಕೊಂಡು ಹೋದ. ದೊರೆಗೆ ಕಿವಿ ಇರಲಿಲ್ಲ, ಏನೂ ತಿಳಿಯಲಿಲ್ಲ ಅಂತ ಕೆಲವರು ಹೇಳುತ್ತಾರೆ. ಎಲ್ಲ ತಿಳಿದೇ ಹಾಗಂದ ಅಂತ ಇನ್ನು ಕೆಲವರು. ಏನೇ ಇರಲಿ, ಪಟ್ಟಿ ಹರಿದುಹೋಯಿತು.

ಚೌರಪ್ಪ ಮತ್ತೆ ಗಣಿಗೆ ಇಳಿಯಲಿಲ್ಲ. ಇನ್ನೂ ಆರು ವರ್ಷ ಬದುಕಿದ. ಆ ಆರು ವರ್ಷವೂ ಇನ್ನಾಸಪ್ಪ ಅವನ ಉಸಿರು ಎಣಿಸಿ ಎಣಿಸಿ ಪಾಲು ಬರೆದ. ಮೂರು ಎಣಿಕೆ ಎರಡಾಯಿತು, ಎರಡು ಒಂದಾಯಿತು. ಕೊನೆಯ ವರ್ಷ ಒಂದು ಹಾಡಿಗೆ ಒಂದೇ ಸ್ವರ. ಆ ಒಂದು ಸ್ವರ ಬರುವ ಜಾಗವನ್ನು ಜನ ಕಾದು ಕೂತು ಕೇಳುತ್ತಿದ್ದರಂತೆ. ಚೌರಪ್ಪ ಹೋದ ಮೇಲೂ ಇನ್ನಾಸಪ್ಪ ಬಹಳ ಕಾಲ ಇದ್ದ. ದೂರದ ಊರುಗಳಿಂದ ಮೂರು ಜನ, ನಾಲ್ಕು ಜನ, ಆರು ಜನ ಉಳಿದಿದ್ದ ಬ್ಯಾಂಡಿನವರು ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಎಷ್ಟು ಜನ ಇದ್ದೀರಿ ಅಂತ ಅವನು ಮೊದಲು ಕೇಳುತ್ತಿರಲಿಲ್ಲ, ಯಾರ್ಯಾರು ಇದ್ದೀರಿ ಅಂತ ಕೇಳುತ್ತಿದ್ದನಂತೆ.

ಈಗ ಗಣಿ ಮುಚ್ಚಿದೆ, ದೊರೆಗಳಿಲ್ಲ, ಕ್ಲಬ್ಬಿನ ಕಟ್ಟಡದಲ್ಲಿ ಅಂಚೆ ಕಚೇರಿ ಇದೆ. ಬೊಮ್ಮನಗುಟ್ಟೆಯಲ್ಲಿ ಬ್ಯಾಂಡು ಮಾತ್ರ ಇದೆ, ಮದುವೆಗೂ ಹಬ್ಬಕ್ಕೂ ಸಾವಿಗೂ ನುಡಿಸುತ್ತದೆ. ಹೊಸದಾಗಿ ಯಾರು ಸೇರಿದರೂ ಅವರಿಗೆ ಮೊದಲ ದಿನ ಅವರ ಪಾಲು ಕೊಡುವುದಿಲ್ಲ. ಪಕ್ಕದಲ್ಲಿ ಕೂರುವವರ ಪಾಲು ಕೊಟ್ಟು, ಕೈಯಾರೆ ಬರೆದು ಕಲಿತುಕೊಂಡು ಬಾ ಅನ್ನುತ್ತಾರೆ. ಇದು ಇನ್ನಾಸಪ್ಪನ ಹೆಸರಿನಲ್ಲಿ ನಡೆದುಬಂದ ಪದ್ಧತಿ. ಹೋದ ವರ್ಷ ಸ್ಯಾಕ್ಸೊಫೋನ್ ಕಲಿತ ಹೆಣ್ಣುಮಗಳೊಬ್ಬಳು ಸೇರಿದಳು. ನನ್ನ ಹಾಳೆ ಎಲ್ಲಿ ಅಂತ ಕೇಳಿದಳಂತೆ. ಬ್ಯಾಂಡಿನ ಹಿರಿಯರು ಪೆನ್ನು ಕೊಟ್ಟು, "ಬರುತ್ತಮ್ಮ. ಮೊದಲು ಅವರದ್ದು ಬರಿ" ಅಂದರಂತೆ. ಅವಳು ಕಿಟಕಿ ಪಕ್ಕ ಬೆಳಕಿರುವ ಕಡೆ ಕೂತು ಬರೆದಳು.