ನಿಲ್ಲದೆತ್ತಿನ ದಿಬ್ಬ

ಹಿರೇಕೊಡಗಲಿಯಿಂದ ಮೂಡಣಕ್ಕೆ ಅರ್ಧ ಹರದಾರಿ ನಡೆದರೆ ಕರಿಮಣ್ಣಿನ ಹೊಲಗಳ ನಡುವೆ ಒಂದು ದಿಬ್ಬ ಸಿಗುತ್ತದೆ. ಮೇಲೊಂದು ಪುಟ್ಟ ಬಸವಣ್ಣನ ಗುಡಿ, ಅದರ ಮುಂದೆ ಅರ್ಧ ಹೂತುಹೋದ ಕಲ್ಲಿನ ಗಾಣ, ಗಾಣದ ಸುತ್ತ ಮೊಣಕಾಲುದ್ದ ತಗ್ಗಾದ ದುಂಡನೆಯ ಹಾದಿ. ದಿಬ್ಬದ ತುಂಬ ಹುಲ್ಲು ಬೆಳೆದರೂ ಈ ಹಾದಿಯಲ್ಲಿ ಒಂದು ಗರಿಕೆಯೂ ಹುಟ್ಟುವುದಿಲ್ಲ. ನಕ್ಷೆ ಬರೆಯಲು ಬಂದ ಸರಕಾರದವರು ‘ಗಾಣದ ದಿಬ್ಬ’ ಎಂದು ಗೀಚಿಕೊಂಡು ಹೋದರು. ಅವರಿಗೆ ಅವಸರ. ಊರವರ ಬಾಯಲ್ಲಿ ಇದು ನಿಲ್ಲದೆತ್ತಿನ ದಿಬ್ಬವೇ, ಆ ಹೆಸರು ಬದಲಾಗುವುದು ನನಗೂ ಬೇಕಿಲ್ಲ.

ಹಿಂದೆ ಒಮ್ಮೆ, ನನ್ನ ಮುತ್ತಜ್ಜನಿಗೆ ಮೀಸೆ ಮೂಡುವ ಕಾಲದಲ್ಲಿ, ಗಾಣಿಗರ ಈರಸಂಗಪ್ಪನೆಂಬವನು ಇಲ್ಲಿ ಕುಸುಬಿ ಎಣ್ಣೆ ತೆಗೆಯುತ್ತಿದ್ದ. ಗುಡಿಯ ನಂದಾದೀಪಕ್ಕೆ ಎಣ್ಣೆ ಹೊಯ್ಯುವ ಹಕ್ಕು ಏಳು ತಲೆಮಾರಿನಿಂದ ಅವನ ಮನೆಯದು. ಸೋಮವಾರ ಬಸವಣ್ಣನ ವಾರ. ಅಂದು ಎತ್ತಿನ ಹೆಗಲಿಗೆ ನೊಗ ಇಡುವಂತಿರಲಿಲ್ಲ. ಆ ದಿನಗಳಲ್ಲೇ ಅಮೇರಿಕದಿಂದ ತಗಡಿನ ಡಬ್ಬಿಗಳಲ್ಲಿ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ, ಬಂತು. ಅಲ್ಲಿಯ ಯಂತ್ರಗಳು ನೆಲದೊಳಗಿನ ಎಣ್ಣೆಯನ್ನು ಎಷ್ಟು ಎಳೆದವೆಂದರೆ, ತಮ್ಮ ನಾಡಿನ ದೀಪಗಳಿಗೆಲ್ಲ ಹೊಯ್ದರೂ ಮುಗಿಯದೆ, ಅಲ್ಲಿಯ ಧಣಿಗಳು ಹಡಗು ತುಂಬಿ ಕಂಡವರ ಊರಿನ ದೀಪಗಳನ್ನು ಹುಡುಕಿಕೊಂಡು ಹೊರಟರು ಎನ್ನುತ್ತಾರೆ. ನಮ್ಮ ಬಸವಣ್ಣನ ದೀಪವೂ ಅವರ ಕಣ್ಣಿಗೆ ಬಿತ್ತು.

ಡಬ್ಬಿಗಳನ್ನು ಬಂಡಿಯಲ್ಲಿ ಹೇರಿಕೊಂಡು ಬಂದವನು ವಿಠೋಬಾ ಎಂಬ ಮಾರಾಟಗಾರ. ಕೂತಲ್ಲಿ ಕೂರದ ಮನುಷ್ಯ. ಈ ಊರು ಮುಗಿಯುವ ಮೊದಲೇ ಮುಂದಿನ ಊರಿನ ದಾರಿ ನೋಡುತ್ತಿದ್ದ. ನಂದಾದೀಪವನ್ನು ತನಗೆ ಬಿಟ್ಟರೆ ವರ್ಷವಿಡೀ ಪುಕ್ಕಟೆ ಎಣ್ಣೆ ಕೊಡುವೆನೆಂದ. ಗುಡಿಯಲ್ಲಿ ಉರಿದದ್ದು ಮನೆಮನೆಯಲ್ಲೂ ಉರಿಯುತ್ತದೆಂದು ಅವನಿಗೆ ಗೊತ್ತಿತ್ತು. ಹಿರಿಯರು ಮೀನಮೇಷ ಎಣಿಸಿ, ಮಂಗಳವಾರ ಹೊತ್ತು ಮೂಡುವುದರೊಳಗೆ ಗುಡಿಯ ದೊಡ್ಡ ಮಣ್ಣಿನ ಹರವಿಯನ್ನು ಗಾಣದ ಎಣ್ಣೆಯಿಂದ ತುಂಬಿಸಿದರೆ ಹಕ್ಕು ಈರಸಂಗಪ್ಪನಿಗೇ ಉಳಿಯಲಿ ಎಂದರು. ಆದಿತ್ಯವಾರ ಸಂಜೆಗೂ ಹರವಿ ಕಂಠದವರೆಗೆ ಬಂದಿರಲಿಲ್ಲ.

“ನಾಳೆ ಹೂಡೂದಿಲ್ಲೇನ್ರಿ?” ಎಂದು ವಿಠೋಬಾ ನಕ್ಕ. “ಅಮೇರಿಕಾದಾಗ ಯಂತ್ರಕ್ಕ ಸೂಟಿ ಇಲ್ಲ, ಅದನ್ನ ನಡಸೋ ಮಂದಿಗೂ ಇಲ್ಲ. ಅದಕ್ಕ ಅವರ ಧಣಿ ಅರಮನ್ಯಾಗ ಅದಾನ.”

“ಆ ಮಂದಿ ಎಲ್ಲಿ ಇರ್ತಾರ್ರಿ?” ಎಂದಳು ಈರಸಂಗಪ್ಪನ ಹೆಂಡತಿ ಗುರುಶಾಂತವ್ವ.

“ಅದನ್ನ ನನಗ ಯಾರೂ ಹೇಳಿಲ್ಲ ಬಿಡವ್ವಾ,” ಎಂದು ಅವನು ಮುಖ ತಿರುಗಿಸಿದ.

ಹೆಂಡತಿ ಬೇಡವೆಂದರೂ ಕೇಳದೆ ಈರಸಂಗಪ್ಪ ಸೋಮವಾರ ಬೆಳಗಾಗುತ್ತಲೇ ಎತ್ತು ಹೂಡಿದ. ಅದು ಒಮ್ಮೆ ಅವನ ಮುಖ ನೋಡಿತು. ಅವನು ಅದರ ಕಣ್ಣಿಗೆ ಬಟ್ಟೆ ಕಟ್ಟಿದ. ಸಂಜೆಗೆ ಹರವಿ ತುಂಬಿತು, ಹಕ್ಕು ಉಳಿಯಿತು. ಆದರೆ ನೊಗ ಇಳಿಸಿದರೂ ಎತ್ತು ನಿಲ್ಲಲಿಲ್ಲ. ಕಣ್ಣಿನ ಬಟ್ಟೆ ಬಿಚ್ಚಿದರೂ ನಿಲ್ಲಲಿಲ್ಲ. ಮೇವು ಮುಟ್ಟದೆ, ನೀರು ಮೂಸದೆ, ಬರಿ ಹೆಗಲಲ್ಲಿ ಗಾಣ ಸುತ್ತುತ್ತಲೇ ಇತ್ತು. ವಾರ ಎಲ್ಲಿ ಮುಗಿಯುತ್ತದೆಂಬುದೇ ಅದಕ್ಕೆ ತಿಳಿಯದೆ ಹೋಯಿತು ಎನ್ನುತ್ತಾರೆ. ಗೊರಸಿನ ಸದ್ದಿಗೆ ಊರಲ್ಲಿ ಯಾರಿಗೂ ಕೂತ ಕಡೆ ಕೂರಲಾಗಲಿಲ್ಲ. ನೇಕಾರರು ಮಗ್ಗ ಬಿಟ್ಟು ಎದ್ದರು, ಬಾಣಂತಿಯರು ಕೂಸೆತ್ತಿಕೊಂಡು ಅಂಗಳದಲ್ಲಿ ಅಡ್ಡಾಡಿದರು. ಮೂರನೆಯ ದಿನ ಗುರುಶಾಂತವ್ವ ಗಂಡನಿಗೆ, “ಅದರ ಸೋಮವಾರ ಅದಕ್ಕ ಹೊಳ್ಳಿ ಕೊಡ್ರಿ,” ಎಂದಳು.

ಈರಸಂಗಪ್ಪ ಗುಡಿಗೆ ನಡೆದ. ಹರವಿಯನ್ನು ಗುಡಿಯಿಂದ ಹೊರತರಿಸಿ, ಎಲ್ಲರೆದುರು ಎಣ್ಣೆಯನ್ನೆಲ್ಲ ಆ ಹಾದಿಗೆ ಸುರುವಿದ. ಏಳು ತಲೆಮಾರಿನ ಹಕ್ಕನ್ನು ಮಣ್ಣು ಕುಡಿಯಿತು. ಆದರೂ ಎತ್ತು ನಿಲ್ಲಲಿಲ್ಲ. ಆಗ ಅವನು ಹಾದಿಗೆ ಅಡ್ಡಲಾಗಿ ಮಲಗಿ, “ನಂದ ತಪ್ಪಪ್ಪಾ, ತುಳದು ಹೋಗು,” ಎಂದ. ಎತ್ತು ಬಂದು, ಅವನ ಎದೆಯನ್ನು ಮೂಸಿ, ನಿಂತಿತು. ಮೊಣಕಾಲೂರಿ ಅವನ ಪಕ್ಕದಲ್ಲೇ ಮಲಗಿತು, ಮತ್ತೆ ಏಳಲಿಲ್ಲ. ಅಂದೇ ಸಂಜೆ ಗುಡಿಯಲ್ಲಿ ಚಿಮಣಿ ಎಣ್ಣೆ ಉರಿಯಿತು. ವಿಠೋಬಾ ಮಾತ್ರ ಅದನ್ನು ನೋಡಲೂ ನಿಲ್ಲದೆ ಮುಂದಿನ ಊರಿಗೆ ಬಂಡಿ ಹೊಡೆದಿದ್ದ.

ಇಂದು ಗುಡಿಯಲ್ಲಿ ಕರೆಂಟಿನ ದೀಪವಿದೆ. ಆ ಕಾಲದ್ದೆನ್ನುವ ಒಂದು ತುಕ್ಕು ಡಬ್ಬಿಯಲ್ಲಿ ಪೂಜಾರಿ ಕಣಗಿಲೆ ನೆಟ್ಟಿದ್ದಾನೆ. ಎತ್ತು ಕಡೆಗೆ ನಿಂತಿತಲ್ಲ, ಹೆಸರೇಕೆ ಹೀಗೆ ಎಂದು ಕೇಳುವ ಜಾಣರು ಬರುತ್ತಾರೆ. ನಾನು ವಾದಕ್ಕಿಳಿಯದೆ ಅವರನ್ನು ಆ ಹಾದಿಗೆ ಇಳಿಸುತ್ತೇನೆ. ಇಳಿದವರು ತಮಗೇ ಗೊತ್ತಾಗದಂತೆ ಬಿರಬಿರನೆ ಸುತ್ತತೊಡಗುತ್ತಾರೆ. ಪಡುವಣ ಬದಿಗೆ, ಈರಸಂಗಪ್ಪ ಮಲಗಿದ್ದ ಕಡೆ, ಆಳುದ್ದದ ಒಂದು ಕಲ್ಲನ್ನು ಅಡ್ಡ ಹಾಕಿದ್ದಾರೆ. ಅಲ್ಲಿಗೆ ಬಂದು ನಿಲ್ಲುತ್ತಾರೆ. ಅದನ್ನು ದಾಟಿ ಹೋದವರನ್ನು ನಾನಂತೂ ಈವರೆಗೆ ಕಂಡಿಲ್ಲ.